ಯಂತ್ರಕ್ಕೆ ಗೊತ್ತಿಲ್ಲದ ಬುರ್ಜಿ

ಎದುರಿಗೆ ಕೂತವರಿಗೆ ಕಾಣದಂತೆ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಚದುರಂಗ ಆಡುವವನನ್ನು ನೀವು ಏನೆಂದು ಕರೆಯುತ್ತೀರೋ ಕರೆಯಿರಿ. ಕಳೆದ ರವಿವಾರ ನಾನು ಅದೇ ಆಗಿದ್ದೆ. ಗೆಲ್ಲಬೇಕೆಂದಲ್ಲ. ಗೆಲ್ಲುವ ಅಭ್ಯಾಸವೇ ನನಗಿಲ್ಲ.

ಘೋಡಗೇರಿಯ ಗುರುಪಾದಪ್ಪ ಕಾಕಾ, ಒಂದು ಕಾಲದ ಟೇಲರ್, ಪ್ರತಿ ರವಿವಾರ ಒಬ್ಬರೇ ಬಸ್ಸು ಹತ್ತಿ ಗೋಕಾಕದ ನಮ್ಮ ಮನೆಗೆ ಆಡಲು ಬರುತ್ತಾರೆ. ಹಿಂದಿನ ವಾರ ಮರಳುವಾಗ ತಪ್ಪು ಬಸ್ಸು ಹತ್ತಿ ಕೌಜಲಗಿಯಲ್ಲಿ ಇಳಿದಿದ್ದರು. ಮಗಳು ಸುವರ್ಣಾ ಗಾಬರಿಯಿಂದ ನನಗೆ ಫೋನ್ ಮಾಡಿದಳು. "ಸರ, ಅಪ್ಪಾನ ತಲಿ ನೆಟ್ಟಗ ಐತೋ ಇಲ್ಲೋ ಆಟದಾಗ ನೀವ ನೋಡಿ ಹೇಳ್ರಿ. ಇಲ್ಲಂದ್ರ ಇನ್ನ ಹೊರಗ ಬಿಡಂಗಿಲ್ಲ." ಹೀಗೆ ಕಾಕಾರ ರವಿವಾರಗಳು ನನ್ನ ಕೈಗೆ ಬಂದವು. ನನ್ನ ಬುದ್ಧಿಯ ಮೇಲೆ ನನಗೇ ಭರವಸೆ ಇಲ್ಲದ್ದರಿಂದ ಮೊಬೈಲಿನ ಚದುರಂಗದ ಯಂತ್ರವನ್ನು ಸಾಕ್ಷಿಗೆ ಕರೆದೆ.

ಈ ಯಂತ್ರದ ರೀತಿ ವಿಚಿತ್ರ. ಕಾಯಿಗಳು ಬಹಳ ಇರುವಾಗ ಅದೂ ನಮ್ಮಂತೆ ಮುಂದೆ ಮುಂದೆ ನೋಡಿ ಅಂದಾಜು ಮಾಡುತ್ತದೆ. ಯಾರು ಮೇಲು ಎಂದು ಒಂದು ಅಂಕಿ ತೋರಿಸುತ್ತದೆ. ಇನ್ನಷ್ಟು ಆಳಕ್ಕೆ ಹೋಗಿ ಮನಸ್ಸು ಬದಲಿಸುವುದೂ ಉಂಟು. ಆದರೆ ಕಾಯಿಗಳು ಏಳಕ್ಕೆ ಇಳಿದವೆಂದರೆ ಅಂದಾಜು ನಿಲ್ಲುತ್ತದೆ. ಅಂಥ ಪ್ರತಿಯೊಂದು ಸ್ಥಿತಿಯನ್ನೂ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಮೊದಲೇ ಕೂಡಿಟ್ಟಿದ್ದಾರೆ. ಆಡುವವರು ಇನ್ನೂ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿರುತ್ತಾರೆ. ಯಾರ ರಾಜ ಎಷ್ಟನೇ ನಡೆಗೆ ಸಾಯುವನೆಂಬುದು ತೀರ್ಮಾನವಾಗಿ ಹೋಗಿರುತ್ತದೆ. ಮಟಮಟ ಮಧ್ಯಾಹ್ನದಲ್ಲೂ ಇದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅವತ್ತು ಕಾಕಾ ಚೆನ್ನಾಗಿಯೇ ಆಡಿದರು. ಕೊನೆಗೆ ಅವರ ಬಳಿ ಒಂದು ಆನೆ, ಒಂದು ಪ್ಯಾದೆ. ಅಂಕಿ ನನ್ನ ಕಡೆ ತುಸುವೇ ವಾಲಿತ್ತು. ಆಮೇಲೆ ಅವರು ತಮ್ಮಷ್ಟಕ್ಕೆ ನಗುತ್ತ ಆನೆಯನ್ನು ನನ್ನ ರಾಜನ ಪಕ್ಕಕ್ಕೇ ತಂದಿಟ್ಟು ಶಹ, ಅಂದರೆ ಚೆಕ್, ಕೊಟ್ಟರು. ತಿನ್ನದೆ ಗತಿಯಿರಲಿಲ್ಲ. ಕಾಯಿಗಳು ಏಳಕ್ಕಿಳಿದು ಅಂಕಿ ಮಾಯವಾಗಿ, ಕಾಕಾ ಸೋಲಲು ಉಳಿದ ನಡೆಗಳ ಲೆಕ್ಕ ಮೊಬೈಲಿನಲ್ಲಿ ಮೂಡಿತು. ಪ್ಯಾದೆಯನ್ನೂ ನನ್ನ ಆನೆಯ ಬಾಯಿಗೆ ನೂಕಿದರು. ಅದನ್ನೂ ತಿಂದೆ. ಅವರ ರಾಜ ಒಬ್ಬನೇ ನಿಂತ. ಕಾಕಾರ ತಲೆ ಕೆಟ್ಟಿತಲ್ಲ ಎಂದು ನನಗೆ ನಿಜಕ್ಕೂ ದುಃಖವಾಯಿತು.

ಕಾಕಾ ಕೈ ಝಾಡಿಸಿದರು. "ಬುರ್ಜಿ ಆತು. ಬರೀ ರಾಜಾ ಉಳದ್ರ ಆಟ ಬರೋಬರಿ. ಇವತ್ತೂ ನಿನಗ ಗೆಲ್ಲಾಕ ಬಿಡಲಿಲ್ಲ ನೋಡು."

ಬುರ್ಜಿ ಹಳೆಯ ಕಾಲದ ಚದುರಂಗದ ನಿಯಮ. ಎದುರಾಳಿಯನ್ನು ಪೂರಾ ಬರಿಗೈ ಮಾಡಿದವನಿಗೆ ಗೆಲುವಿಲ್ಲ, ಆಟ ಸಮ. ಆ ಲೆಕ್ಕದಲ್ಲಿ ಕಾಕಾ ಆಡಿದ್ದು ಒಂದೂ ತಪ್ಪಿರಲಿಲ್ಲ. ಎಲ್ಲ ಆಟಗಳ ಕೊನೆಯನ್ನೂ ಬಲ್ಲ ಯಂತ್ರಕ್ಕೆ ಇದೊಂದು ಗೊತ್ತಿರಲಿಲ್ಲ. ಖುಷಿಯಿಂದ ಸುವರ್ಣಾಳಿಗೆ ಹೇಳಲು ಮೊಬೈಲ್ ಎತ್ತಿದೆ.

ಆಗ ಹೊಳೆಯಿತು. ನಾವಿಬ್ಬರೂ ಇಷ್ಟು ವರ್ಷ ಆಡಿದ್ದು ಈಗಿನ ನಿಯಮದ ಆಟ. ಕಾಕಾ ನನಗೆ ಒಮ್ಮೆಯೂ 'ನೀ' ಅಂದವರಲ್ಲ.

"ಏಳು ಮಲ್ಲಣ್ಣಾ," ಎಂದರು ಅವರು, ನನ್ನ ಬೆನ್ನ ಹಿಂದಿನ ಬಾಗಿಲು ನೋಡುತ್ತ. "ಅವ್ವ ಊಟಕ್ಕ ಕರಿಯಾಕತ್ತಾಳ."

ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಕಾಕಾರನ್ನು ಮನೆ ಮುಟ್ಟಿಸಿ ಬಂದ ಮೇಲೆ ಫೋನಿನಲ್ಲಿ ಎಲ್ಲ ಹೇಳಿದೆ. ಮಲ್ಲಣ್ಣ ಯಾರೆಂದು ಸುವರ್ಣಾ ತಿಳಿಸಿದಳು. "ಮಲ್ಲಪ್ಪ ದೊಡ್ಡಪ್ಪರಿ. ಅಪ್ಪಗ ಆಟ ಕಲಿಸಿದವರು. ನಾ ಹುಟ್ಟೂಕಿಂತ ಮೊದಲ ತೀರಿಕೊಂಡಾರ."

"ಕಾಕಾ ಇನ್ನ ಬರೂದು ಬ್ಯಾಡವ್ವಾ," ಎಂದೆ. "ರವಿವಾರ ನಾನ ಅಲ್ಲಿಗೆ ಬರ್ತೀನಿ."

"ಯಾರು ಬರ್ತಾರಂತ ಅವರಿಗೆ ಹೇಳ್ಲಿರಿ?"

"ಮಲ್ಲಣ್ಣ ಬರ್ತಾನಂತ ಹೇಳು."

ಈ ವಾರವೆಲ್ಲ ಯಂತ್ರವನ್ನು ಬದಿಗಿಟ್ಟು ಹಳೆಯ ನಿಯಮಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಮಲ್ಲಣ್ಣ ಬಲು ಚೆನ್ನಾಗಿ ಆಡುತ್ತಿದ್ದನಂತೆ. ಅವನ ಹೆಸರು ಕೆಡಿಸಬಾರದಲ್ಲ.