ಆಚೆ ದಂಡೆಯ ಪುಟಗಳು

ವಿದ್ಯಾ ತೃಪ್ತಿಯನ್ನು ಮೊದಲು ಕಂಡದ್ದು ೧೯೯೯ರ ಜೂನ್ ತಿಂಗಳ ಒಂದು ಸೋಮವಾರ, ಗೋಕಾಕದ ಟೈಪಿಂಗ್ ಕ್ಲಾಸಿನಲ್ಲಿ, ಬೆಳಗಿನ ಎಂಟರ ಪಾಳಿಗೆ. ಕಿಟಕಿಯ ಕಡೆಯ ಎರಡು ಮಷೀನುಗಳು ಮಾತ್ರ ಕನ್ನಡದವು. ಒಂದರ ಮುಂದೆ ಆಗಲೇ ಒಬ್ಬ ಹುಡುಗಿ ಕುಳಿತಿದ್ದಳು. ಹಸಿರು ಚೂಡಿದಾರ, ಎಣ್ಣೆ ಹಚ್ಚಿ ಬಿಗಿದ ಒಂದೇ ಜಡೆ, ತೋರುಬೆರಳಿಗೆ ರಿಬ್ಬನ್ನಿನ ಮಸಿ. ನಾಗನೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ವಿದ್ಯಾ ಬಾಜೂ ಕುಳಿತು ಕಾಗದ ಏರಿಸಿದಳು. ಸರ್ ಕೊಟ್ಟ ಪಾಠವೆಂದರೆ ಒಂದೇ ಸಾಲನ್ನು ಇಪ್ಪತ್ತು ಸಲ ಬಡಿಯುವುದು. ಆ ಹುಡುಗಿಯ ಹಾಳೆಯಲ್ಲಿ ಮಾತ್ರ ಊರ ಹೆಸರುಗಳಿದ್ದವು: ಕಲ್ಲಹೊಂಡ, ಮೂರುಬಾವಿ, ಬೆಳ್ಳಕ್ಕಿಹಾಳ.

"ಇವು ಯಾವ ತಾಲೂಕಿನ ಊರರಿ?" ಎಂದು ವಿದ್ಯಾ ಕೇಳಿದಳು.

"ಇನ್ನೂ ಯಾವ ತಾಲೂಕಿಗೂ ಹಚ್ಚಿಲ್ಲರಿ. ನಿಮಗ ಬೇಕಂದ್ರ ಒಂದು ತಗೋರಿ."

ವಿದ್ಯಾ ಬೆಳ್ಳಕ್ಕಿಹಾಳ ತೆಗೆದುಕೊಂಡಳು. ಕುರಿ ಕಾಯುವ ಮನೆತನದಲ್ಲಿ ಮೊದಲ ಬಿ.ಎ. ಅವಳು. ಪುಸ್ತಕದ ಮಾತನ್ನು ಮನೆಯಲ್ಲಿ ಯಾರೊಡನೆಯೂ ಆಡುವಂತಿರಲಿಲ್ಲ. ಹುಕ್ಕೇರಿಯ ಅಂಗಡಿಕಾರರ ಮಗಳು ತೃಪ್ತಿ ಗೋಕಾಕದಲ್ಲಿ ಸೋದರಮಾವನ ಮನೆಯಲ್ಲಿದ್ದಳು. ವಾರದೊಳಗೆ 'ರಿ' ಬಿಟ್ಟುಹೋಗಿ ಇಬ್ಬರೂ 'ನೀ' ಎಂದುಕೊಳ್ಳತೊಡಗಿದರು.

ಶ್ರಾವಣ ಹತ್ತಿರ ಬಂದಾಗ ತೃಪ್ತಿಯೇ ಮಾತು ತೆಗೆದಳು.

"ನಮ್ಮವ್ವ ಪ್ರತಿ ವರ್ಷ ಬಸದಿಯೊಳಗ ತಿಂಗಳ ನೋಂಪಿ ಹಿಡೀತಾಳ, ಮೂವತ್ತು ದಿನದ ವ್ರತ. ಈ ಸಲ ನಾವೂ ಒಂದು ಹಿಡಿಯೂಣು. ದಿನಾ ಒಂದು ಪುಟ, ಮೂವತ್ತು ದಿನ. ಇಬ್ಬರೂ ಕೂಡಿ ಬೆಳ್ಳಕ್ಕಿಹಾಳ ಕಟ್ಟೂಣು. ನಡುವ ಹೊಳಿ. ಈಚಿ ದಂಡಿ ನಿಂದು, ಆಚಿ ದಂಡಿ ನಂದು. ಮುಗಿಯೂತನಕ ಒಬ್ಬರದೊಬ್ಬರು ಓದಬಾರದು."

"ನಡುವ ತಪ್ಪಿದ್ರ?"

"ನೋಂಪಿ ಮುರದ್ರ ಬಾಯಿಬಿಟ್ಟು ಹೇಳಬೇಕು. ಮುಚ್ಚಿಡಾಕ ಬರಂಗಿಲ್ಲ."

ಶಾಲೆ, ಸಂತೆ, ದವಾಖಾನೆಗಳನ್ನು ಎಲ್ಲಿ ಇಡುವುದೆಂಬ ಮಾತು ಬಂದಾಗ ವಿದ್ಯಾ ಯೋಚಿಸಲೂ ಇಲ್ಲ. "ಎಲ್ಲಾ ನಿನ್ನ ದಂಡಿಗೆ ಇರಲಿ" ಎಂದಳು. ಅವಳು ಬೆಳೆದದ್ದೇ ಹಾಗೆ. ಹೈಸ್ಕೂಲು, ಸಂತೆ, ಡಾಕ್ಟರು ಎಂದರೆ ಮೂಡಲಗಿಗೋ ಗೋಕಾಕಕ್ಕೋ ಹೋಗಬೇಕಾದವು. ಮನೆಯ ಹತ್ತಿರ ಇರುವಂಥವಲ್ಲ. ತನ್ನ ದಂಡೆಗೆ ಕುರಿಹಟ್ಟಿ, ಕಂಬಳಿ ಮಗ್ಗ, ಒಂದು ದೋಣಿ ಇಟ್ಟುಕೊಂಡಳು.

ದಿನವೂ ಬೆಳಿಗ್ಗೆ ಐದಕ್ಕೆದ್ದು ಒಂದು ಪುಟ ಬರೆದೇ ಬಸ್ಸಿಗೆ ಹೋಗುತ್ತಿದ್ದಳು. ಜ್ವರ ಬಂದ ದಿನವೂ ಬರೆದಳು. ಒಲೆಯ ಮುಂದಿನಿಂದ ತಾಯಿ ಕೆಂಪವ್ವ ಚುಚ್ಚುತ್ತಿದ್ದಳು: "ಇದ್ದ ಊರಾಗ ಕಸಾ ಹೊಡಿಯಾಕ ಒಲ್ಲಿ, ಇಲ್ಲದೂರಿನ ಗೌಡಕಿ ಮಾಡಾಕತ್ತಿ."

ವಿದ್ಯಾಳ ಜನ ದೋಣಿ ಹತ್ತಿ ಆಚೆ ದಂಡೆಗೆ ಹೋಗುತ್ತಿದ್ದರು, ಉಣ್ಣೆ ಮಾರುತ್ತಿದ್ದರು, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಹದಿನೇಳನೆಯ ದಿನ ಶಂಕ್ರವ್ವ ಎಂಬ ಬಸುರಿಗೆ ಬೇನೆ ಎದ್ದಿತು. ಕೂಸು ಅಡ್ಡ ತಿರುಗಿತ್ತು. ವಿದ್ಯಾ ಅವಳನ್ನು ದೋಣಿಯಲ್ಲಿ ಮಲಗಿಸಿ ಆಚೆ ದಂಡೆಯ ದವಾಖಾನೆಗೆ ಕಳಿಸಿ ಪುಟ ಮುಗಿಸಿದಳು. ಕ್ಲಾಸಿಗೆ ಹೋದೊಡನೆ ಇಷ್ಟನ್ನು ಮಾತ್ರ ಹೇಳಿದಳು. "ಒಬ್ಬಾಕಿನ್ನ ನಿನ್ನ ಕಡೆ ಕಳಿಸೇನಿ. ನೋಡಿಕೋ."

ತೃಪ್ತಿ ಕೀಲಿಗಳ ಮೇಲಿಂದ ಕಣ್ಣೆತ್ತದೆ "ಹೂಂ" ಎಂದಳು.

ಎರಡು ದಿನ ಬಿಟ್ಟು ವಿದ್ಯಾ ತಡೆಯಲಾರದೆ ಕೇಳಿದಳು. "ಉಳದಾಳ?"

"ಬರದೇನಿ. ಈಗ ಹೇಳಂಗಿಲ್ಲ."

ಅಷ್ಟು ಸಾಕಿತ್ತು. ಉಳಿದ ಪುಟಗಳಲ್ಲಿ ಶಂಕ್ರವ್ವನ ಗಂಡ ದಂಡೆಯಲ್ಲಿ ಕಾದ, ಅತ್ತೆ ತೊಟ್ಟಿಲು ತೊಳೆದಿಟ್ಟಳು. ಕೊನೆಗೆ ಏನಾಯಿತೆಂದು ತೃಪ್ತಿಗೆ ಗೊತ್ತಿದೆ ಎಂಬ ಧೈರ್ಯದ ಮೇಲೆ ವಿದ್ಯಾ ಹನ್ನೊಂದು ದಿನ ಬರೆದಳು.

ಅಮಾವಾಸ್ಯೆಯ ಮರುದಿನ ಮೂವತ್ತು ಪುಟಗಳನ್ನು ದಾರದಿಂದ ಹೊಲಿದು, ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದಳು. ತೃಪ್ತಿ ಅವ್ವನ ನೋಂಪಿಯ ಸಮಾಪ್ತಿಗೆಂದು ಮನೆಗೆ ಬಂದಿದ್ದಳು. ತಾಯಿ ರಾಜಮತಿ "ಬಾರವ್ವ, ಮೊದಲ ಊಟ ಮಾಡು" ಎಂದು ಹೋಳಿಗೆ ಬಡಿಸಿದರು. ಕೈ ತೊಳೆದ ಮೇಲೆ ವಿದ್ಯಾ ಆಚೆ ದಂಡೆಯನ್ನು ಕೇಳಿದಳು.

ತೃಪ್ತಿ ಕೊಟ್ಟ ನೋಟುಬುಕ್ಕಿನಲ್ಲಿ ನಾಲ್ಕು ಪುಟಗಳಿದ್ದವು. ಸಂತೆ ಅರ್ಧ ಆಗಿತ್ತು. ಶಾಲೆಗೆ ಹೆಸರಿತ್ತು. ದವಾಖಾನೆ ಇರಲೇ ಇಲ್ಲ.

"ನಾಕ ದಿನಕ್ಕ ಬ್ಯಾಸರಾತು," ಎಂದಳು ತೃಪ್ತಿ. "ನೀ ಅಷ್ಟು ಹುರುಪಿನಿಂದ ಬರಿಯಾಕತ್ತಿದ್ದಿ. ಹೇಳಿದ್ರ ನೀನೂ ಬಿಡತಿದ್ದಿ."

"ಬರದೇನಿ ಅಂದಿ."

"ಅಂದೆ."

"ಮುರದ್ರ ಹೇಳಬೇಕಂತ ಅಂದಾಕಿನೂ ನೀನ."

"ಅದು ಅವ್ವನ ನೋಂಪಿಗೆ, ವಿದ್ಯಾ. ಇದು ಆಟ. ಬೇಕಂದ್ರ ಈಗ ಬರೀತೇನಿ ತಗೋ, ಗಂಡಸ ಕೂಸು ಹುಟ್ಟಿತು ಅಂತ. ಒಂದು ಸಾಲು."

ವಿದ್ಯಾ ನೋಟುಬುಕ್ಕನ್ನು ಅವಳ ತೊಡೆಯ ಮೇಲಿಟ್ಟು ಎದ್ದಳು. ಬಾಗಿಲಲ್ಲಿ ರಾಜಮತಿ "ಯಾಕವ್ವ, ಚಾ ಆಗಲಿ" ಎಂದರು. "ಬಸ್ಸೈತಿರಿ" ಎಂದಳು. ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಮನೆಯಲ್ಲಿ ಕೆಂಪವ್ವ ಮಗಳ ಮುಖ ನೋಡಿ ಎಲ್ಲವನ್ನೂ ಹೇಳಿಸಿಕೊಂಡಳು. ಇಲ್ಲದ ಊರಿನ ಕಥೆಯನ್ನು ಅವಳು ಪೂರ್ತಿ ಕೇಳಿದ್ದು ಅಂದೇ. ಆಮೇಲೆ ಕೇಳಿದಳು:

"ನಿನ್ನ ದಂಡಿಗೆ ಒಬ್ಬ ಸೂಲಗಿತ್ತಿ ಇರಲಿಲ್ಲೇನ? ಊರು ಕಟ್ಟಿದಾಕಿ ನೀನ ಅಲ್ಲ?"

ವಿದ್ಯಾ ಹದಿನೇಳನೆಯ ಪುಟ ತೆಗೆದಳು. ಸೂಲಗಿತ್ತಿಯನ್ನು ತಂದು ಅದೊಂದು ಪುಟ ತಿದ್ದಿದ್ದರೆ ಶಂಕ್ರವ್ವ ಬದುಕುತ್ತಿದ್ದಳು. ಎರಡು ಸಲ ಪೆನ್ನು ಹಿಡಿದು ಇಟ್ಟಳು. ತಿದ್ದಿದರೆ ದೋಣಿ ಹೊರಡುವುದೇ ಇಲ್ಲ, ದಂಡೆಯಲ್ಲಿ ಕಾದ ಗಂಡನೂ ಇರುವುದಿಲ್ಲ, ತೊಳೆದಿಟ್ಟ ಖಾಲಿ ತೊಟ್ಟಿಲೂ ಇರುವುದಿಲ್ಲ. ತಾನು ನಂಬಿದ ಹನ್ನೊಂದು ದಿನಗಳನ್ನು ತಾನೇ ಅಳಿಸಿದಂತಾಗುತ್ತಿತ್ತು. ಅಳಿಸಲಿಲ್ಲ. ದೋಣಿ ನಡುಹೊಳೆಯಲ್ಲೇ ಉಳಿಯಿತು. ಕ್ಲಾಸಿನಲ್ಲಿ ಸರ್‌ಗೆ ಹೇಳಿ ಸಂಜೆಯ ಪಾಳಿಗೆ ಬದಲಾಯಿಸಿಕೊಂಡಳು. ಡಿಸೆಂಬರಿನಲ್ಲಿ ಪರೀಕ್ಷೆ ಪಾಸಾದಳು. ತೃಪ್ತಿಯ ಮದುವೆಯ ಕಾರ್ಡು ಬಂದಾಗ ಓದಿದಳು, ಹೋಗಲಿಲ್ಲ.

ಈಗ ವಿದ್ಯಾ ಅಂಕಲಗಿಯ ಒಂದು ಸಹಕಾರಿ ಸಂಘದಲ್ಲಿ ಟೈಪಿಸ್ಟ್ ಆಗಿದ್ದಾಳೆ.