ಸಾವ್ಕಾರನ ಸೋಮವಾರ

ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸಿನ ಟ್ರೇಯ ಹಿಂದೆ, ಅಂಗೈ ಅಗಲದ ಒಂದು ಸ್ಟೀಲ್ ಡಬ್ಬಿ ಇದೆ. ಅದರ ಮುಚ್ಚಳಕ್ಕೆ ಒಂದು ಕೆಂಪು ರಬ್ಬರ್ ಬ್ಯಾಂಡು ಸುತ್ತಿರುತ್ತಿತ್ತು. ಮನೆಯ ಉಳಿದ ಡಬ್ಬಿಗಳೆಲ್ಲ ಜೀರಿಗೆ, ಸಾಸಿವೆ, ಶೇಂಗಾ ಚಟ್ನಿ, ಅಗಸಿ ಹಿಂಡಿ ಎಂದು ಯಾರು ಬೇಕಾದರೂ ಎತ್ತಿ, ಅಲ್ಲಾಡಿಸಿ, ಮೂಸಿ ನೋಡಬಹುದಾದ ಪಾಪದವು. ಇದೊಂದು ಮಾತ್ರ ಮಡಿ ಉಟ್ಟವರ ಹಾಗೆ ಯಾರ ಕೈಗೂ ತಾಗದೆ ಮೂಲೆಯಲ್ಲಿ ಕೂತಿರುತ್ತಿತ್ತು. ಮಡಿ ಎಂದೆನಲ್ಲ, ನೀವು ನಗಬಾರದು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿರುವ ನಮ್ಮ ಈ ಮನೆಯ ಹೊಸ್ತಿಲನ್ನು ಇದುವರೆಗೆ ಒಂದು ಕೋಳಿಮೊಟ್ಟೆಯೂ ದಾಟಿದ್ದಿಲ್ಲ, ಮತ್ತು ಆ ಡಬ್ಬಿಯಲ್ಲಿ ಇರುವುದು ಸಿಪ್ಪೆ ಸಮೇತ ಹೆಪ್ಪುಗಟ್ಟಿಸಿದ ಸಿಗಡಿ.

ಅದನ್ನು ತಿನ್ನುವವನು ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿದ್ದಾನೆ. ಜಾತಿಯಲ್ಲಿ ಆಸ್ಕರ್ ಮೀನು, ದೂರದ ಯಾವುದೋ ಖಂಡದ ಮಹಾನದಿಗಳ ಮೂಲದವನು, ಊಟದಲ್ಲಿ ಶುದ್ಧ ಮಾಂಸಾಹಾರಿ. ಮಸಿಯಂಥ ಮೈಮೇಲೆ ಕೆಂಡ ಚೆಲ್ಲಿದಂಥ ಗೀರುಗಳು, ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಒಂದು ಸುಳ್ಳು ಕಣ್ಣು. ತಾನಾಗಿ ಏನನ್ನೂ ಅರಸಿ ಹೋಗದೆ, ಗದ್ದುಗೆಯ ಮೇಲೆ ಕೂತವರ ಹಾಗೆ ಒಂದೇ ಕಡೆ ನಿಂತು, ತರುವವರು ತರಲಿ ಎಂದು ಕಾಯುವ ಅವನ ಗತ್ತು ನೋಡಿ ನಮ್ಮ ಮನೆಯವರು ಅವನಿಗೆ ಸಾವ್ಕಾರ ಎಂದು ಹೆಸರಿಟ್ಟರು. ತಾರಿಹಾಳದ ಕಾರ್ಖಾನೆಯೊಂದರಲ್ಲಿದ್ದ ನನ್ನ ತಮ್ಮನಿಗೆ ಪುಣೆಗೆ ವರ್ಗವಾದಾಗ ಅವನು ತೊಟ್ಟಿಯನ್ನೂ ಸಾವ್ಕಾರನನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದು ನಮ್ಮಲ್ಲಿ ಇಳಿಸಿದ. ನಾನು ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಪಥ್ಯ ಹೇಳುವವಳು. ರೋಗಿಗಳಿಗೆ ಏನು, ಎಷ್ಟು, ಯಾವಾಗ ಉಣ್ಣಬೇಕೆಂದು ಬರೆದುಕೊಡುವುದೇ ನನ್ನ ನೌಕರಿ. ತಮ್ಮ ಅದನ್ನೇ ಹಿಡಿದುಕೊಂಡ.

"ಅಕ್ಕಾ, ಊರ ಮಂದಿಗೆಲ್ಲಾ ಏನ್ ಉಣಬೇಕಂತ ಹೇಳ್ತಿ, ಇವಗೊಬ್ಬಗ ಹೇಳಾಕ ಆಗೂದಿಲ್ಲೇನು?"

ಊರ ಮಂದಿ ನನ್ನ ಮಾತು ಕೇಳುವುದಿಲ್ಲ ಎಂಬ ಗುಟ್ಟನ್ನು ನಾನು ಅವನಿಗೆ ಹೇಳಲಿಲ್ಲ. ಆದರೆ ಮನೆಯಲ್ಲಿ ಅತ್ತೆಯವರಿದ್ದರು. ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತರಾದವರು. ಎದುರಿಗಿರುವುದು ಎರಡನೆಯ ಇಯತ್ತೆಯ ಮಕ್ಕಳೇ ಇರಲಿ, ಸೊಸೆಯೇ ಇರಲಿ, ನಿಯಮವನ್ನು ಒಂದೇ ಸಲ ಹೇಳುವ ರೂಢಿಯವರು.

"ಇರಲೆವಾ, ಜೀವ ಅದ. ಆದರ ಅದರ ಡಬ್ಬಿ ನನ್ನ ಕೈಗೆ ಹತ್ತಬಾರದು, ಅದರ ಊಟ ನನ್ನ ಅಡಗಿಮನ್ಯಾಗ ಬರಬಾರದು" ಎಂದರು. ಫ್ರಿಜ್ಜು ಪಡಸಾಲೆಯಲ್ಲಿದ್ದದ್ದು ನನ್ನ ಪುಣ್ಯ. ಕುಲ್ಫಿಯೆಂದರೆ ಪ್ರಾಣ ಬಿಡುವ ಅತ್ತೆ ಆ ದಿನದಿಂದ ಆ ಮೇಲಿನ ಖಾನೆಯಲ್ಲಿಟ್ಟ ಕುಲ್ಫಿಯನ್ನೇ ಬಿಟ್ಟರು.

ಸಾವ್ಕಾರ ಉಣ್ಣುವುದನ್ನು ಮೊದಲ ಸಲ ನೋಡಿದ್ದು ಇನ್ನೂ ನನ್ನ ಕಣ್ಣಲ್ಲಿದೆ. ಕರಗಿದ ಸಿಗಡಿಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ನೀರಿಗಿಳಿಸಿದೆ. ಅವನು ಮೊದಲು ಎಡಗಣ್ಣಿನಿಂದ ನೋಡಿದ, ಸಾವಕಾಶ ತಿರುಗಿ ಬಲಗಣ್ಣಿನಿಂದ ನೋಡಿದ, ಆಮೇಲೆ ಏನಾಯಿತೆಂದು ನನಗೆ ತಿಳಿಯುವ ಮೊದಲೇ ಇಕ್ಕಳ ಬರಿದಾಗಿತ್ತು. ನಾನು ಬೆಚ್ಚಿ ಹಿಂದೆ ಸರಿದೆ. ಎಷ್ಟೋ ಸಲ ನೋಡಿದ ಮೇಲೆ ಅರ್ಥವಾಯಿತು: ಅವನು ನಮ್ಮ ಹಾಗೆ ಕಚ್ಚಿ ತಿನ್ನುವವನಲ್ಲ. ದವಡೆಗಳನ್ನು ಮುಂದಕ್ಕೆ ಚಾಚಿ, ಕೆನ್ನೆಗಳನ್ನು ಅಗಲಿಸಿ, ಬಾಯೊಳಗೆ ಒಂದು ಖಾಲಿ ಜಾಗವನ್ನು ತೆರೆಯುತ್ತಾನೆ. ನೀರು ತಾನಾಗಿ ಅಲ್ಲಿಗೆ ಓಡುತ್ತದೆ, ನೀರಿನ ಸಂಗಡ ಊಟವೂ ಓಡುತ್ತದೆ. ಉಳಿದ ನೀರು ಕಿವಿರಿನಿಂದ ಸದ್ದಿಲ್ಲದೆ ಆಚೆ ಹೋಗುತ್ತದೆ. ನಾವು ಮನುಷ್ಯರು ಹಸಿವೆಯನ್ನು ಒಂದು ಕೊರತೆ ಎಂದುಕೊಂಡು ಗೋಳಾಡುತ್ತೇವೆ. ಇವನೋ ತನ್ನ ಹಸಿವೆಯಿಂದಲೇ ಒಂದು ಶೂನ್ಯವನ್ನು ಕಡೆದು ಜಗತ್ತೇ ಅದರೊಳಗೆ ಬಂದು ಬೀಳುವಂತೆ ಮಾಡುತ್ತಾನೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರು, ಟಿವಿಯ ಸದ್ದು ಇವುಗಳ ನಡುವೆ, ಸೋಫಾದ ಪಕ್ಕದಲ್ಲಿ, ಸೃಷ್ಟಿಯ ಅಷ್ಟು ಹಳೆಯ ಕುಶಲತೆಯೊಂದು ದಿನವೂ ನಡೆಯುತ್ತಿದೆಯೆಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಂಥವನಿಗೆ ಸಮತೋಲ ಆಹಾರವೆಂದರೇನು? ಮಾಂಸ ತಿನ್ನುವ ಮೀನಿಗೆ ಮಾಂಸದ ಚೂರು ಎಸೆದರಾಯಿತು ಎಂದುಕೊಂಡಿರಾದರೆ, ದಕ್ಷಿಣದವರೆಲ್ಲ ಬರೀ ಇಡ್ಲಿ ತಿಂದು ಬದುಕುತ್ತಾರೆ ಎನ್ನುವವರ ಸಾಲಿಗೆ ನೀವೂ ಸೇರಿದಿರಿ. ಕೋಳಿ, ಕುರಿಗಳ ಬೆಚ್ಚನೆಯ ಮೈಯ ಕೊಬ್ಬು ಈ ತಣ್ಣನೆಯ ಮೈಗೆ ಒಗ್ಗುವುದಿಲ್ಲ. ನದಿಯಲ್ಲಿದ್ದರೆ ಹುಳ ಹುಪ್ಪಟೆ, ಪುಟ್ಟ ಮೀನು, ಸಿಗಡಿಯ ಮರಿ, ಅವುಗಳ ಹೊಟ್ಟೆಯೊಳಗಿನ ಪಾಚಿ ಎಲ್ಲವನ್ನೂ ಅವನು ಇಡಿಯಾಗಿ ನುಂಗುತ್ತಿದ್ದ. ಸಿಪ್ಪೆ, ಮುಳ್ಳು, ಸೊಪ್ಪು ಎಲ್ಲಕ್ಕೂ ಅವನ ಒಡಲಲ್ಲಿ ಒಂದೊಂದು ಕೆಲಸವಿದೆ. ಹೀಗಾಗಿ ನಾನು ಅವನಿಗೂ ಪಥ್ಯ ಗೊತ್ತು ಮಾಡಿದೆ: ದಿನದ ಊಟಕ್ಕೆ ಅಂಗಡಿಯಲ್ಲಿ ಸಿಗುವ ಕಾಳಿನಂಥ ಗುಳಿಗೆಗಳು, ಅವೂ ನೀರಲ್ಲಿ ನೆನೆಸಿದವು, ನಡುನಡುವೆ ಸಿಗಡಿ, ಮೀನಿನ ಚೂರು, ಮಳೆ ಬಿದ್ದ ಮೇಲೆ ಹಿತ್ತಲಿನ ಎರೆಹುಳು. ವಾರಕ್ಕೊಂದು ದಿನ ಪೂರ್ತಿ ಉಪವಾಸ. ಕಾಡಿನಲ್ಲಾಗಲಿ ನದಿಯಲ್ಲಾಗಲಿ ಬೇಟೆಗಾರನಿಗೆ ದಿನವೂ ಬೇಟೆ ಸಿಗುವುದಿಲ್ಲ, ಅವನ ಕರುಳು ಆ ಬಿಡುವನ್ನು ನಂಬಿಯೇ ರೂಪುಗೊಂಡಿದೆ. ಅತ್ತೆಗೆ ಸೋಮವಾರ ಒಪ್ಪತ್ತು. ಹಗಲೆಲ್ಲ ಏನೂ ತಿನ್ನದೆ ಸಂಜೆ ಪೂಜೆಯಾದ ಮೇಲೆ ಒಮ್ಮೆ ಉಣ್ಣುವವರು. ಮನೆಯಲ್ಲಿ ಎರಡು ನಿಯಮ ಯಾಕೆಂದು ಸಾವ್ಕಾರನ ಉಪವಾಸವನ್ನೂ ಸೋಮವಾರಕ್ಕೇ ಇಟ್ಟೆ. ಇದನ್ನು ಕೇಳಿ ಅತ್ತೆ "ಅದಕ್ಕೂ ಸೋಮವಾರ ಏನವಾ?" ಎಂದು ಕೇಳಿ ಎದ್ದು ಹೋದರು. ನಿಯಮ ಹೇಳುವವರು ಪ್ರಶ್ನೆ ಕೇಳಿದಾಗಲೇ ನಾನು ಹುಷಾರಾಗಬೇಕಿತ್ತು.

ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಒಮ್ಮೆ ಕೂತು ನೋಡಿ. ಸಾಕು ಎಂದು ತಾಟಿಗೆ ಅಡ್ಡ ಹಿಡಿದ ಅಂಗೈಯ ಬೆರಳ ಸಂದಿಯಿಂದಲೇ ತುಪ್ಪ ಇಳಿದಿರುತ್ತದೆ. ಬೇಡ ಎಂಬ ಮಾತಿಗೆ 'ಇನ್ನಷ್ಟು ಒತ್ತಾಯ ಮಾಡಿರಿ' ಎಂದೇ ಅರ್ಥ. ಉಂಡವರು ಎದ್ದು ಕೈ ತೊಳೆದ ಮೇಲೂ "ಏನೂ ಉಣಲೇ ಇಲ್ಲಲ್ರಿ" ಎಂದು ಮರುಗುವ ಈ ಸೀಮೆಯಲ್ಲಿ ಪಥ್ಯ ಹೇಳುವ ನೌಕರಿ ಎಂಥದೆಂದು ನಾನೊಬ್ಬಳೇ ಬಲ್ಲೆ. ಅಂಥ ಊರಿಗೆ, ದೇವರು ಬಲ್ಲ, ಬಾಯಿ ತೆರೆದುಕೊಂಡೇ ಬೇಡುವ ಮೀನು ಬಂದಿತ್ತು. ಸಾವ್ಕಾರನಿಗೆ ಹೊಟ್ಟೆ ತುಂಬಿರಲಿ, ಬಿಡಲಿ, ಜನ ಕಂಡರೆ ಗಾಜಿಗೆ ಮೂತಿಯೊತ್ತಿ ಬಾಯಿ ಕಳೆದು ಮುಚ್ಚುತ್ತಾನೆ. ನಾನು ಎದುರು ನಿಂತರೆ ಸುಮ್ಮನೆ ಹತ್ತಿರ ಬರುವವನು, ಅತ್ತೆಯ ಇಳಕಲ್ ಸೀರೆಯ ಸೆರಗು ಕಂಡರೆ ಮಾತ್ರ ಬಾಲ ಬಡಿದು ಕುಣಿಯುತ್ತಿದ್ದ. ಅವನ ಕಡೆ ತಿರುಗಿಯೂ ನೋಡದ ಅತ್ತೆಯನ್ನು ಕಂಡರೆ ಇವನಿಗೇಕೆ ಇಷ್ಟು ಹರುಷ ಎಂದು ನಾನು ಅಚ್ಚರಿಪಟ್ಟೆನೇ ಹೊರತು ಮುಂದೆ ಯೋಚಿಸಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಸಾವ್ಕಾರ ಸಿಗಡಿಯನ್ನು ನೋಡಿ ಮುಖ ತಿರುಗಿಸಿದ. ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ, ಮೈ ಒಂದು ಮಗ್ಗುಲಿಗೆ ವಾಲಿ, ತಳದ ಕಲ್ಲುಗಳ ಮೇಲೆ ಬಿದ್ದುಕೊಂಡಿದ್ದ. ಕಿವಿರು ಮಾತ್ರ ಆಡುತ್ತಿತ್ತು. ನೀರು ಬದಲಿಸಿದೆ, ಅದರ ಶಾಖ ನೋಡಿದೆ, ಸಿಗಡಿ ಕೆಟ್ಟಿತ್ತೇ, ಎರೆಹುಳುವಿನಲ್ಲಿ ವಿಷವಿತ್ತೇ ಎಂದು ನನ್ನ ಪಥ್ಯದ ಒಂದೊಂದು ತುತ್ತನ್ನೂ ಅನುಮಾನಿಸಿದೆ. ತಮ್ಮನಿಗೆ ಏನು ಹೇಳಲಿ ಎಂಬುದು ಆಮೇಲಿನ ಮಾತು. ಆ ಕೆಂಡದ ಗೀರುಗಳು ಬೂದಿಯ ಬಣ್ಣಕ್ಕೆ ತಿರುಗುತ್ತಿದ್ದುದನ್ನು ನನ್ನಿಂದ ನೋಡಲಾಗಲಿಲ್ಲ. ಇವನು ಉಳಿಯುವುದಿಲ್ಲ ಎನ್ನಿಸಿ ಅಳು ಬಂತು. ಅತ್ತೆ ದೇವರ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸುಧಾ, ನಿನ್ನ ಸಿಗಡಿದು ತಪ್ಪಲ್ಲವಾ. ನಾನ ಹಾಕೀನಿ."

"ಏನ್ ಹಾಕೀರಿ ಅತ್ತಿ?"

"ಆ ಕಾಳು. ಪ್ರತಿ ಸೋಮವಾರ. ನೀ ಡ್ಯೂಟಿಗೆ ಹ್ವಾದ ಮ್ಯಾಲೆ, ಒಂದೊಂದು ಮುಷ್ಟಿ."

ಸಿಗಡಿಯ ಡಬ್ಬಿಯನ್ನು ಮುಟ್ಟದವರಿಗೆ ಗುಳಿಗೆಯ ಬಾಟಲಿ ಕಾಳಿನದ್ದಾಗಿ ಕಂಡಿತ್ತು, ಕಾಳಿಗೆ ಮೈಲಿಗೆಯೆಲ್ಲಿಯದು. ನೆನೆಸದೆ ಮುಷ್ಟಿಗಟ್ಟಲೆ ಹಾಕಿದ್ದು ಅವನ ಹೊಟ್ಟೆಯೊಳಗೆ ಹೋಗಿ ಊದಿಕೊಂಡಿತ್ತು. ನನಗೆ ಸಿಟ್ಟು ಬಂತು. ನೀವೇ ಸೋಮವಾರ ಹಿಡಿಯುವವರು, ಉಪವಾಸವೆಂದರೆ ನಿಮಗೆ ತಿಳಿಯದೇ ಎಂದು ಕೇಳಿಯೇ ಬಿಟ್ಟೆ.

"ನಾ ಉಪಾಸ ಇದ್ದರ ಯಾಕಿದ್ದೀನಿ ಅಂತ ನನಗ ಗೊತ್ತಿರತದ" ಎಂದರು ಅತ್ತೆ. "ಅದಕ್ಕ ಗೊತ್ತಿಲ್ಲಲ್ಲವಾ? ಸಾಲ್ಯಾಗ ಉಣಲಾರದ ಬಂದ ಹುಡುಗೂರ ಮಾರಿ ದೂರಿಂದನ ತಿಳೀತಿತ್ತು ನನಗ. ಇದೂ ಹಂಗ ಬಾಯಿ ತಗದು ನಿಂತಿತ್ತು. ನೋಡಾಕ ಆಗಲಿಲ್ಲ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಉಪವಾಸವಿರುವವರು ಹಸಿವೆಯನ್ನು ಗೆದ್ದವರು ಎಂದು ನಾನು ತಿಳಿದಿದ್ದೆ. ಅವರು ಗೆಲ್ಲುವುದು ತಮ್ಮ ಹಸಿವೆಯನ್ನು ಮಾತ್ರ. ಇನ್ನೊಂದು ಜೀವದ ಹಸಿವೆಯೆದುರು ಅವರು ನಮ್ಮೆಲ್ಲರಿಗಿಂತ ಬೇಗ ಸೋಲುತ್ತಾರೆ, ಯಾಕೆಂದರೆ ಅದರ ರುಚಿ ಅವರಿಗೆ ಗೊತ್ತು. ಆ ನಾಲ್ಕಾರು ಸೋಮವಾರಗಳ ನಡುಹಗಲನ್ನು ಕಲ್ಪಿಸಿಕೊಂಡೆ: ಖಾಲಿ ಮನೆ, ಖಾಲಿ ಹೊಟ್ಟೆಯ ಅತ್ತೆ, ಗಾಜಿನ ಆಚೆ ಬಾಯಿ ತೆರೆದ ಸಾವ್ಕಾರ.

ಇಂಥ ಹೊಟ್ಟೆಯುಬ್ಬರಕ್ಕೆ ಕೆಲವು ದಿನ ಏನೂ ಕೊಡದಿರುವುದೇ ಮೊದಲ ಮದ್ದು, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ. ಮಾಂಸಾಹಾರಿಗೆ ಬಟಾಣಿಯೇ ಎಂದು ಹುಬ್ಬೇರಿಸಬೇಡಿ. ನದಿಯಲ್ಲಿ ಪುಟ್ಟ ಮೀನುಗಳ ಹೊಟ್ಟೆಯೊಳಗಿಂದ ಸಿಗುತ್ತಿದ್ದ ಸೊಪ್ಪಿನ ಪಾಲು ಅದು. ಉಪವಾಸದ ಆ ದಿನಗಳಲ್ಲಿ ಅತ್ತೆ ತೊಟ್ಟಿಯ ಬಳಿಯೇ ಕೂತಿದ್ದರು. ಒಂದು ಕಾಳೂ ಹಾಕಲಿಲ್ಲ. ಭಾನುವಾರ ಬೆಳಿಗ್ಗೆ ತಮ್ಮ ಒಲೆಯ ಮೇಲೆ ತಾವೇ ಬಟಾಣಿ ಬೇಯಿಸಿ, ಉಗುರ ತುದಿಯಿಂದ ಸಿಪ್ಪೆ ಸುಲಿದು ತಂದರು. ಇಕ್ಕಳದಲ್ಲಿ ಹಿಡಿದು ಅವನ ಮೂತಿಯ ಹತ್ತಿರ ಇಳಿಸಿದೆ. ಅವನು ನೋಡಲಿಲ್ಲ. ಮತ್ತೆ ಇಳಿಸಿದೆ. ಬಟಾಣಿ ಕಲ್ಲುಗಳ ನಡುವೆ ಉರುಳಿ ಬಿತ್ತು. ಇವತ್ತೂ ತಿನ್ನದಿದ್ದರೆ ಆಸೆ ಬಿಡಬೇಕು ಎಂದೆ.

ಅತ್ತೆ ಸ್ವಲ್ಪ ಹೊತ್ತು ಅವನ ವಾಲಿದ ಮೈಯನ್ನೇ ನೋಡಿದರು. "ಅದಕ್ಕ ತನ್ನ ಊಟ ಅಂತ ಗುರುತು ಹತ್ತವಲ್ದು" ಎಂದರು. ಎದ್ದರು. ಹೋಗಿ ಫ್ರಿಜ್ಜಿನ ಮೇಲಿನ ಬಾಗಿಲು ತೆರೆದರು. ಐಸಿನ ಟ್ರೇ ಸರಿಸಿ, ಆ ಡಬ್ಬಿ ತೆಗೆದು, ಕೆಂಪು ರಬ್ಬರ್ ಬ್ಯಾಂಡು ಬಿಚ್ಚಿ, ಒಂದು ಸಿಗಡಿಯನ್ನು ಬೆರಳಲ್ಲಿ ಹಿಡಿದು ತಂದರು. ನಾನು ಬಾಯಿ ತೆರೆಯುವ ಮುನ್ನವೇ ಅದನ್ನು ನೀರಲ್ಲಿ ಅದ್ದಿ, ಬಟಾಣಿಯೊಂದನ್ನು ಅದರ ಮೈಗೆ ಚೆನ್ನಾಗಿ ತಿಕ್ಕಿ, ಇಕ್ಕಳವನ್ನೂ ಕೇಳದೆ ತೋಳು ಮುಳುಗಿಸಿದರು. ಹಸಿರು ಬಳೆಗಳು ನೀರಿನೊಳಗೆ ಜಾರಿ ಮಣಿಕಟ್ಟಿಗೆ ಬಂದು ನಿಂತವು. ಸಾವ್ಕಾರನ ಎಡಗಣ್ಣು ಹೊರಳಿತು. ಅವನು ಕಷ್ಟಪಟ್ಟು ಮೈ ನೆಟ್ಟಗೆ ಮಾಡಿಕೊಂಡ, ಬಲಗಣ್ಣಿನಿಂದಲೂ ನೋಡಿದ, ಮತ್ತು ಅತ್ತೆಯ ಬೆರಳ ತುದಿ ಬರಿದಾಯಿತು.

"ಉಂಡ್ತವಾ!" ಎಂದು ಅತ್ತೆ ಸಣ್ಣ ಹುಡುಗಿಯ ಹಾಗೆ ಕೂಗಿದರು. ಆಮೇಲೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು ಬಂದು ದೀಪ ಹಚ್ಚಿದರು. ಸಾವ್ಕಾರನ ಬಾಯಿಯ ಕೌಶಲ ನೋಡಿ ಬೆರಗಾದವಳು ನಾನು. ಆ ದಿನ ಅತ್ತೆಯ ಕೈ ನೋಡಿ ಅದಕ್ಕಿಂತ ದೊಡ್ಡ ಬೆರಗು ಬಂತು. ಅವನ ಖಾಲಿ ಜಾಗಕ್ಕೆ ನೀರು ಓಡುವ ಹಾಗೆ, ಯಾವುದೋ ಒಂದು ಹಸಿವೆಯ ಕಡೆಗೆ ಇವರ ಇಡೀ ಜನ್ಮದ ನಿಯಮ ಓಡಿಹೋಗಿತ್ತು.

ಸಾವ್ಕಾರ ಈಗ ಗಟ್ಟಿಯಾಗಿದ್ದಾನೆ, ಗೀರುಗಳಲ್ಲಿ ಕೆಂಡ ಮರಳಿದೆ. ಸೋಮವಾರ ಅವನೂ ಅತ್ತೆಯೂ ಉಪವಾಸ. ಅವನು ಬಾಯಿ ಬಿಡುವುದು ಕಾಣಬಾರದೆಂದು ಅತ್ತೆ ಆ ದಿನ ಕುರ್ಚಿಯನ್ನು ತೊಟ್ಟಿಗೆ ಬೆನ್ನು ಮಾಡಿ ಹಾಕಿಕೊಳ್ಳುತ್ತಾರೆ. ಅವನು ಹಗಲೆಲ್ಲ ಅವರ ಬೆನ್ನನ್ನೇ ನೋಡುತ್ತಾನೆ. ಸಂಜೆ ಒಪ್ಪತ್ತಿನ ಊಟಕ್ಕೆ ಅವನೆದುರು ಕೂರಲು ಸಂಕೋಚವಾಗಿ ತಾಟು ತೆಗೆದುಕೊಂಡು ಒಳಗೆ ಹೋಗುತ್ತಾರೆ. ಮೊನ್ನೆ ಸೋಮವಾರ ದವಾಖಾನೆಯಿಂದ ಬಂದು, ಮರುದಿನದ ಸಿಗಡಿ ತೆಗೆದಿಡೋಣವೆಂದು ಫ್ರಿಜ್ಜಿನ ಮೇಲಿನ ಖಾನೆ ತೆರೆದೆ. ಡಬ್ಬಿಗೆ ರಬ್ಬರ್ ಬ್ಯಾಂಡು ಇರಲಿಲ್ಲ, ಪಕ್ಕದಲ್ಲಿ ಎರಡು ಕುಲ್ಫಿ ಇದ್ದವು. ಸಿಗಡಿ ಎಣಿಕೆಗೆ ಒಂದು ಕಡಿಮೆ ಎನ್ನಿಸಿ ಅತ್ತೆಯನ್ನು ಕೇಳಲು ಒಳಗೆ ಹೋದೆ. ಅವರು ಉಣ್ಣುತ್ತಿದ್ದರು. ಅವರ ಅಡುಗೆಮನೆಯ ಕಟ್ಟೆಯ ಮೇಲೆ, ಹೆಪ್ಪು ಹಾಕಿದ ಹಾಲಿನ ಪಾತ್ರೆಯಿಂದ ಗೇಣು ದೂರದಲ್ಲಿ, ಒಂದು ವಾಟಿಯಲ್ಲಿ ನಾಳೆಯ ಸಿಗಡಿ ಕರಗಲು ಕೂತಿತ್ತು, ಅದರ ಮೇಲೆ ಒಂದು ತಾಟು ಮುಚ್ಚಿತ್ತು.