ಕಡಬಕ್ಕೆ ಬೆಂಗಳೂರು ಮಾರ್ಗವಾಗಿ

ಸುಳ್ಯದ ಒಂದು ಕೊರಿಯರ್ ಆಫೀಸಿನಲ್ಲಿ ಕೌಂಟರಿನ ಹಿಂದೆ ಕೂರುವವನು ನಾನು. ಪಂಪಿನ ಬಿಡಿಭಾಗ ಮಾರುವ ಹಮೀದಾಕ ಒಂದು ಬೆಳಿಗ್ಗೆ ಸಣ್ಣ ಪೆಟ್ಟಿಗೆ ತಂದಿಟ್ಟರು. ಒಳಗೆ ಅಡಿಕೆಗೆ ಮದ್ದು ಬಿಡುವ ಪಂಪಿನ ವಾಶರ್‌ಗಳು. ಹೋಗಬೇಕಾದದ್ದು ಪಕ್ಕದ ತಾಲೂಕಿನ ಕಡಬಕ್ಕೆ.

"ನಾಳೆ ಸಿಗ್ತದಲ್ಲ? ಮಳೆ ಬಿಟ್ಟದ್ದು ಈಗ ಮಾತ್ರ. ಪುನಃ ಬರುವ ಮೊದಲು ಅಲ್ಲಿಯ ಗಿರಾಕಿಗೆ ಮದ್ದು ಬಿಟ್ಟು ಮುಗಿಸ್ಬೇಕು."

"ಮೂರು ದಿನ ಬೇಕು ಹಮೀದಾಕ. ನಮ್ಮ ಲಾರಿ ಮೊದಲು ಬೆಂಗಳೂರಿಗೆ ಹೋಗುದು. ಅಲ್ಲಿ ಊರೂರಿಗೆ ವಿಂಗಡಿಸಿ ವಾಪಸು ಕಳಿಸ್ತಾರೆ."

"ಬೆಂಗಳೂರಿಂದ ಕಡಬಕ್ಕೆ ಎಷ್ಟು ದಿನ?"

"ಒಂದೇ ದಿನ," ಅಂದೆ.

ಹಮೀದಾಕ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕಡಬದ ಉಳಿದ ಗಿರಾಕಿಗಳೆಲ್ಲ ಬೆಂಗಳೂರಿಂದ ತರಿಸುದು ಇದಕ್ಕಾ? ನನ್ನ ಮೇಲೆ ಎಂತದೋ ಕೋಪ ಅಂತ ಎಣಿಸಿದ್ದೆ ಮಾರಾಯ್ರೆ."

ಆಮೇಲೆ ಬಿಲ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಎದುರಿನ ಸ್ಟ್ಯಾಂಡಿನಲ್ಲಿ ಕಡಬದಿಂದ ಬಂದ ಬಸ್ಸು ವಾಪಸು ಹೊರಡಲು ನಿಂತಿತ್ತು. ಕಂಪನಿಗೆ ಗೊತ್ತಾದರೆ ಕೆಲಸ ಹೋಗುವ ಸಂಗತಿ. ಆದರೂ ಪೆಟ್ಟಿಗೆ ಎತ್ತಿಕೊಂಡು ಹೋಗಿ ಡ್ರೈವರಿಗೆ ಕೊಟ್ಟೆ. ಹಮೀದಾಕ ಗಿರಾಕಿಗೆ ಫೋನು ಮಾಡಿ, ಕಡಬದ ಸ್ಟ್ಯಾಂಡಿನಲ್ಲಿ ಬಸ್ಸಿನ ಹತ್ತಿರ ಬಂದು ನಿಲ್ಲಲು ಹೇಳಿದರು.

ಡ್ರೈವರ್ ನನ್ನ ಅಂಗಿಯ ಮೇಲಿನ ಕಂಪನಿಯ ಹೆಸರು ಓದಿದ. "ನಿಮಗೂ ಒಂದು ಉಂಟು" ಎಂದು ಸೀಟಿನ ಅಡಿಯಿಂದ ಒಂದು ಕಟ್ಟು ತೆಗೆದುಕೊಟ್ಟ. ಒಳಗಿದ್ದದ್ದು ಪಾರ್ಸೆಲಿಗೆ ಅಂಟಿಸುವ ಲೇಬಲ್ ರೋಲುಗಳು. ನಮ್ಮಲ್ಲಿ ಮುಗಿದಿವೆ ಅಂತ ಹಿಂದಿನ ದಿನ ನಾನೇ ನಮ್ಮ ಕಡಬದ ಬ್ರಾಂಚಿಗೆ ಫೋನು ಮಾಡಿದ್ದೆ.

ಅರ್ಜೆಂಟು ಅಂದಿದ್ದೆ ನೋಡಿ, ಅದಕ್ಕೇ ಅವರು ಬಸ್ಸಿಗೆ ಹಾಕಿದ್ದರು.